ಎಸ್ಸೆಸ್ಸೆಲ್ಸಿ ಆಯ್ತು, ಪಿಯುಗೆ ಎಲ್ಲಿ ಸೇರಿಸೋದು? ನಮ್ ಮಲೆನಾಡ್ ಕಡೆ ಅಪ್ಪ ಅಮ್ಮಂದಿರಿಗೆ

ರಿಸಲ್ಟ್ ಬಂದಾಗಿಂದ ದಿನಾ ಎರಡ್ ಮೂರು ಫೋನ್ ಬರ್ತಿದೆ, ಹುಡುಗಿಗೆ 625ಕ್ಕೆ 540 ಬಂದಿದೆ ಎಲ್ಲಿ ಹಾಕೋದು ಹೇಳಿ ಅಂತ. ನನ್ ಮಗಳ ಪಿಯು ಮುಗೀತು, ಈ ವರ್ಷ ತಮ್ಮನ ಮಗನ್ನ ಸೇರಿಸ್ಬೇಕು, ಹಂಗಾಗಿ ಕಾಲೇಜು ಸುತ್ತಿ ಸುತ್ತಿ ಗೊತ್ತಾಗಿದ್ದನ್ನ ಒಂದೇ ಕಡೆ ಬರ್ದುಬಿಡ್ತೀನಿ. ನಮ್ದು ರಿಪ್ಪನ್‌ಪೇಟೆ ಹತ್ರ ಹಳ್ಳಿ. ಹೊಸನಗರ, ತೀರ್ಥಹಳ್ಳಿ, ಸಾಗರ, ಸೊರಬದ ಒಳಗಿನ ಊರುಗಳಿಂದ ಮಕ್ಕಳನ್ನ ಕಳಿಸೋರಿಗೆ ಇದು ಹೆಚ್ಚು ಉಪಯೋಗ ಆಗ್ಬಹುದು.

ಮೊದಲು ನೋಡ್ಬೇಕಾಗಿದ್ದು ಕಾಲೇಜಲ್ಲ, ಬಸ್ಸು. ಇದನ್ನ ಯಾರೂ ಹೇಳಲ್ಲ. ನಾವು ಮಗಳಿಗೆ ಶಿವಮೊಗ್ಗದಲ್ಲಿ ಒಂದು ಕಾಲೇಜು ಅಂತ ಫಿಕ್ಸ್ ಮಾಡಿ ಫೀಸ್ ಕಟ್ಟಿ ಬಂದ್ವಿ, ಆಯನೂರು ಮೇಲೆ ಬಸ್ ಇದೆಯಲ್ಲ ಹೋಗಿಬರ್ತಾಳೆ ಅಂದ್ಕೊಂಡ್ವಿ. ಜೂನಲ್ಲಿ ಸರಿ ಇತ್ತು. ಜುಲೈ ಮಳೆ ಹಿಡ್ಕೊಂಡ್ ಮೇಲೆ ನೋಡ್ಬೇಕಿತ್ತು, ಬೆಳಿಗ್ಗೆ ಕತ್ತಲಲ್ಲೇ ಎದ್ದು ಮನೆಯಿಂದ ರೋಡಿಗೆ ಒಂದೂವರೆ ಕಿಲೋಮೀಟರ್ ನಡ್ಕೊಂಡು, ಬಸ್ಸಲ್ಲಿ ನಿಂತ್ಕೊಂಡೇ ಹೋಗಿ, ಸಂಜೆ ಮನೆಗೆ ಬರೋ ಹೊತ್ತಿಗೆ ಏಳು ಗಂಟೆ. ಯೂನಿಫಾರ್ಮ್ ಇರೋದು ಎರಡು ಜೊತೆ, ಎರಡೂ ಒದ್ದೆ. ಅವ್ಳ ಅಮ್ಮ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ರಾತ್ರಿ ಒಣಗಿಸೋದು, ಬೆಳಿಗ್ಗೆ ಹೊಗೆ ವಾಸನೆ ಹೊಡೆಯೋ ಚೂಡಿದಾರ ಹಾಕ್ಕೊಂಡು ಅವಳು ಹೊರಡೋದು. ಓದೋದು ಯಾವಾಗ? ಪುಸ್ತಕ ತೊಡೆ ಮೇಲೆ ಇಟ್ಕೊಂಡೇ ನಿದ್ದೆ ಹೋಗ್ತಿದ್ಲು ಮಗು. ಆಗಸ್ಟಲ್ಲಿ ಶಿವಮೊಗ್ಗದಲ್ಲೇ ಪಿಜಿ ಹುಡುಕಿ ಬಿಟ್ವಿ, ಅಷ್ಟೊತ್ತಿಗೆ ಫಿಸಿಕ್ಸಲ್ಲಿ ಮೊದಲನೇ ಟೆಸ್ಟ್ ಹೋಗಿತ್ತು. ಅದು ಕಾಲೇಜಿನ ತಪ್ಪಲ್ಲ, ನಾವು ನೋಡ್ಬೇಕಿತ್ತು.

ಅದಕ್ಕೆ ಹೇಳ್ತೀನಿ, ಸೇರಿಸೋಕೆ ಮುಂಚೆ ಒಂದಿನ ನೀವೂ ಮಗೂನೂ ಅದೇ ಟೈಮಿಗೆ ಮನೆ ಬಿಟ್ಟು ಅದೇ ಬಸ್ ಹತ್ತಿ ಕಾಲೇಜ್ ಗೇಟ್ ತನಕ ಹೋಗಿ, ಸಂಜೆ ಕ್ಲಾಸ್ ಬಿಡೋ ಹೊತ್ತಿಗೆ ಅಲ್ಲಿಂದ ವಾಪಸ್ ಬನ್ನಿ. ಆಗ ಗೊತ್ತಾಗುತ್ತೆ. ಇನ್ನೊಂದು, ನಮ್ ಕಡೆ ಎಷ್ಟೋ ರೂಟಲ್ಲಿ ಓಡೋದು ಪ್ರೈವೇಟ್ ಬಸ್ಸೇ. ಹೆಣ್ಮಕ್ಕಳಿಗೆ ಫ್ರೀ ಅಂತ 2023 ಜೂನಲ್ಲಿ ಬಂದ ಶಕ್ತಿ ಯೋಜನೆ ಆಗ್ಲಿ, ಕೆಎಸ್ಸಾರ್ಟಿಸಿ ಸ್ಟೂಡೆಂಟ್ ಪಾಸ್ ಆಗ್ಲಿ ಪ್ರೈವೇಟ್ ಬಸ್ಸಲ್ಲಿ ನಡೆಯಲ್ಲ. ದಿನದ ಚಾರ್ಜ್ ಇಂಟು ಇಪ್ಪತ್ತೈದು ದಿನ ಅಂತ ಲೆಕ್ಕ ಹಾಕಿ, ಕೆಲವು ಸಲ ಹಾಸ್ಟೆಲ್ ಖರ್ಚಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇರಲ್ಲ. ಆನಂದಪುರ, ಕುಂಸಿ ಕಡೆಯೋರಿಗೆ ತಾಳಗುಪ್ಪ ಲೈನಿನ ರೈಲಿದೆ, ಟೈಮ್ ಹೊಂದೋದಾದ್ರೆ ಸೀಸನ್ ಪಾಸ್ ಕಮ್ಮಿಗೆ ಆಗುತ್ತೆ.

ಈಗ ಕಾಂಬಿನೇಶನ್ ವಿಷ್ಯ. ಕಾಲೇಜ್ ಹೆಸರಿಗಿಂತ ಇದು ಮುಖ್ಯ, ಯಾಕಂದ್ರೆ ಕಾಲೇಜ್ ತಪ್ಪಾದ್ರೆ ಹೆಂಗೋ ಸುಧಾರಿಸ್ಬಹುದು, ಸಬ್ಜೆಕ್ಟ್ ತಪ್ಪಾದ್ರೆ ಎರಡು ವರ್ಷ ದಿನಾ ಬೇಜಾರು. ಎರಡು ಭಾಷೆ, ನಾಲ್ಕು ಸಬ್ಜೆಕ್ಟ್, ಒಟ್ಟು 600 ಮಾರ್ಕ್ಸು. ಸೈನ್ಸಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ತಗೊಂಡ್ರೆ ಇಂಜಿನಿಯರಿಂಗೂ ಮೆಡಿಕಲ್ಲಿನ ನೀಟೂ ಎರಡೂ ಬಾಗಿಲು ತೆಗ್ದಿರುತ್ತೆ, ಆದ್ರೆ ಭಾರ ಜಾಸ್ತಿ. ಪಿಸಿಎಂಸಿ ತಗೊಂಡ್ರೆ ಬಯಾಲಜಿ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್, ಅಲ್ಲಿಗೆ ಮೆಡಿಕಲ್ ಆಸೆ ಬಿಡ್ಬೇಕು. ತೋಟ ಗದ್ದೆ ಇರೋ ಮನೆಯೋರು ಬಿಎಸ್ಸಿ ಅಗ್ರಿ ಯೋಚನೆ ಮಾಡ್ತಿದ್ರೆ ಪಿಸಿಎಂಬಿನೇ ತಗೊಳ್ಳಿ, ಮ್ಯಾಥ್ಸ್ ಕಷ್ಟ ಅಂತ ಬಿಡ್ಬೇಡಿ. ಅಗ್ರಿ ಸೀಟಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾನೇ ಇದೆ, ಅದಕ್ಕೊಂದು ಪ್ರಾಕ್ಟಿಕಲ್ ಟೆಸ್ಟ್ ಇರುತ್ತೆ, ಅಡಿಕೆ ಭತ್ತ ಕೈಯಲ್ಲಿ ಮುಟ್ಟಿ ಬೆಳೆದ ನಮ್ ಮಕ್ಕಳಿಗೆ ಅದು ಒಳ್ಳೆ ಅವಕಾಶ. ನಮ್ ಜಿಲ್ಲೆಯಲ್ಲೇ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ವಿಶ್ವವಿದ್ಯಾಲಯ ಇದೆ.

ಕಾಮರ್ಸಲ್ಲಿ ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ ಜೊತೆ ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್, ಕಂಪ್ಯೂಟರ್ ಸೈನ್ಸ್ ಹಿಂಗೆ ಬೇರೆ ಬೇರೆ ಜೋಡಿ ಇರುತ್ತೆ, ಸಿಎ ಮಾಡ್ಬೇಕು ಅನ್ನೋರು ಮ್ಯಾಥ್ಸ್ ಬಿಡ್ಬಾರದು. ಆರ್ಟ್ಸ್ ಅಂದ್ರೆ ಮಾರ್ಕ್ಸ್ ಕಮ್ಮಿ ಬಂದೋರಿಗೆ ಅನ್ನೋ ಮಾತು ಕೇಳಿದ್ರೆ ನಂಗೆ ನಿಜ್ವಾಗ್ಲೂ ಸಿಟ್ಟು ಬರುತ್ತೆ. ಲಾ, ಟೀಚಿಂಗ್, ಕೆಎಎಸ್ಸು ಅನ್ನೋ ಮಗೂಗೆ ಹಿಸ್ಟರಿ ಪೊಲಿಟಿಕಲ್ ಸೈನ್ಸ್ ಇಷ್ಟ ಇದ್ರೆ ಖುಷಿಯಿಂದ ಕಳಿಸಿ. ಕೈಕೆಲಸದಲ್ಲಿ ಆಸಕ್ತಿ ಇರೋರಿಗೆ ಪಾಲಿಟೆಕ್ನಿಕ್ ಇದೆ, ಮೂರು ವರ್ಷ ಡಿಪ್ಲೊಮಾ ಮುಗ್ಸಿ ಡಿಪ್ಲೊಮಾದೋರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗ್ಬಹುದು.

ಕನ್ನಡ ಮೀಡಿಯಮಲ್ಲಿ ಓದಿ ಸೈನ್ಸಿಗೆ ಹೋಗೋ ಮಕ್ಕಳ ಬಗ್ಗೆ ಒಂದ್ ಮಾತು. ಮೊದಲ ಎರಡು ಮೂರು ತಿಂಗಳು ಏನೂ ಅರ್ಥ ಆಗಲ್ಲ. ವೇಗೋತ್ಕರ್ಷ ಅಂತ ಓದಿದ್ದು ಅಲ್ಲಿ ಆಕ್ಸಲರೇಶನ್ ಆಗಿರುತ್ತೆ, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗಿರುತ್ತೆ, ಮಗು ತಾನು ದಡ್ಡ ಅಂದ್ಕೊಳ್ಳುತ್ತೆ. ದಡ್ಡ ಅಲ್ಲ, ಪದ ಬದಲಾಗಿದೆ ಅಷ್ಟೇ. ಈ ರಜೆಯಲ್ಲೇ ಹತ್ತನೇ ಕ್ಲಾಸಿನ ಇಂಗ್ಲಿಷ್ ಮೀಡಿಯಂ ವಿಜ್ಞಾನ, ಗಣಿತ ಪುಸ್ತಕ ತಗೊಂಡು ಕನ್ನಡ ಪುಸ್ತಕದ ಪಕ್ಕ ಇಟ್ಟು ಓದಿಸಿ, ಪಾಠ ಅದೇ ಇರೋದ್ರಿಂದ ಪದ ತಾನಾಗೇ ಕೂರುತ್ತೆ. ತಮ್ಮನ ಮಗ ಈಗ ದಿನಾ ನಾಲ್ಕು ಪುಟ ಹಿಂಗೇ ಓದ್ತಿದಾನೆ, ನೋಟ್‌ಬುಕ್ಕಲ್ಲಿ ಎಡಕ್ಕೆ ಕನ್ನಡ ಬಲಕ್ಕೆ ಇಂಗ್ಲಿಷು. ಕಾಲೇಜಿಗೆ ಹೋದಾಗ ಕನ್ನಡ ಮೀಡಿಯಂ ಮಕ್ಕಳಿಗೆ ಬ್ರಿಡ್ಜ್ ಕೋರ್ಸ್ ಇದೆಯಾ ಅಂತ ಕೇಳಿ.

ಕಾಲೇಜು ನೋಡೋಕೆ ಹೋದ್ರೆ ಆಫೀಸ್ ರೂಮಲ್ಲಿ ಕೂತು ಬರ್ಬೇಡಿ, ಲ್ಯಾಬ್ ತೋರಿಸಿ ಅಂತ ಕೇಳಿ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ 30 ಮಾರ್ಕ್ಸ್ ಪ್ರಾಕ್ಟಿಕಲ್ಲಿಗೇ ಇದೆ. ನಾನು ಒಂದು ಕಡೆ ಕೇಳಿದ್ದಕ್ಕೆ ಬೀಗದ ಕೈ ಹುಡುಕೋಕೇ ಅರ್ಧ ಗಂಟೆ ಆಯ್ತು, ಒಳಗೆ ಬ್ಯೂರೆಟ್ ಎಲ್ಲ ಕವರ್ ಸಮೇತ ಕಪಾಟಲ್ಲಿ ಇತ್ತು. ಇನ್ನೊಂದು ಸರ್ಕಾರಿ ಕಾಲೇಜಲ್ಲಿ ಲ್ಯಾಬ್ ಸಿಂಕ್ ತುಂಬಾ ಪೊಟ್ಯಾಶಿಯಂ ಪರ್ಮಾಂಗನೇಟಿನ ನೇರಳೆ ಕಲೆ, ಮೇಜಿನ ಮೇಲೆಲ್ಲ ಸುಟ್ಟ ಗುರುತು. ಕಣ್ಣಿಗೆ ಚಂದ ಇರಲಿಲ್ಲ, ಆದ್ರೆ ಮಕ್ಕಳು ಅಲ್ಲಿ ಕೆಲಸ ಮಾಡ್ತಾರೆ ಅಂತ ಗೊತ್ತಾಯ್ತು. ತಮ್ಮನ ಮಗನ್ನ ಅಲ್ಲಿಗೇ ಸೇರಿಸ್ತಿದೀವಿ.

ಸರ್ಕಾರಿ ಕಾಲೇಜಲ್ಲಿ ಕೇಳ್ಬೇಕಾದ ದೊಡ್ಡ ಪ್ರಶ್ನೆ ಒಂದೇ, ನಾಲ್ಕೂ ಸಬ್ಜೆಕ್ಟಿಗೆ ಪರ್ಮನೆಂಟ್ ಲೆಕ್ಚರರ್ ಇದಾರಾ, ಇಲ್ಲಾಂದ್ರೆ ಹೋದ ವರ್ಷ ಗೆಸ್ಟ್ ಲೆಕ್ಚರರ್ ಯಾವ ತಿಂಗಳು ಬಂದ್ರು. ಪ್ರೈವೇಟಲ್ಲಿ ಕೇಳ್ಬೇಕಾಗಿದ್ದು ಹೋದ ವರ್ಷ ಇದ್ದ ಲೆಕ್ಚರರ್ಸಲ್ಲಿ ಎಷ್ಟ್ ಜನ ಈ ವರ್ಷಾನೂ ಇದಾರೆ ಅಂತ. ಇದಕ್ಕೆ ಸರಿಯಾದ ಉತ್ತರ ಸೆಕೆಂಡ್ ಪಿಯು ಮಕ್ಕಳ ಹತ್ರ ಸಿಗುತ್ತೆ. ಬಸ್‌ಸ್ಟಾಂಡಲ್ಲಿ ಆ ಯೂನಿಫಾರ್ಮ್ ಹಾಕಿದ ಮಕ್ಕಳನ್ನ ಮಾತಾಡಿಸಿ, ಅವ್ರು ಮುಚ್ಚುಮರೆ ಇಲ್ಲದೆ ಹೇಳ್ತಾರೆ.

ಫ್ಲೆಕ್ಸಲ್ಲಿ ಇರೋ ಫೋಟೋ ನೋಡಿ ಮಾತ್ರ ತೀರ್ಮಾನ ಮಾಡ್ಬೇಡಿ. ಹತ್ತು ಟಾಪರ್ಸ್ ಇದ್ರೆ ಪರೀಕ್ಷೆ ಬರೆದೋರು ಎಷ್ಟ್ ಜನ, ಫೇಲ್ ಆದೋರು ಎಷ್ಟು, ನಿಮ್ ಮಗೂ ತರಾನೇ ಎಸ್ಸೆಸ್ಸೆಲ್ಸಿಯಲ್ಲಿ 75 ಪರ್ಸೆಂಟ್ ತಗೊಂಡು ಬಂದೋರಿಗೆ ಕೊನೆಗೆ ಎಷ್ಟು ಬಂತು, ಇದನ್ನ ಕೇಳಿ. ನೀಟ್ ಜೆಇಇ ಕೋಚಿಂಗ್ ಸೇರಿಸಿ ಕೊಡ್ತೀವಿ ಅನ್ನೋ ಕಡೆ, ಶಿವಮೊಗ್ಗದಲ್ಲೇ ಇರ್ಲಿ ಘಟ್ಟದ ಕೆಳಗಿರ್ಲಿ, ಮೂರು ವಿಷ್ಯ ಬರವಣಿಗೆಯಲ್ಲೇ ತಗೊಳ್ಳಿ. ಕಾಲೇಜ್ ಫೀಸ್ ಎಷ್ಟು ಕೋಚಿಂಗ್ ಎಷ್ಟು ಹಾಸ್ಟೆಲ್ ಎಷ್ಟು ಅಂತ ಬೇರೆ ಬೇರೆ ರಶೀದಿ, ಮಧ್ಯದಲ್ಲಿ ಬಿಟ್ರೆ ಎಷ್ಟು ವಾಪಸ್, ಮಾರ್ಕ್ಸ್ ಕಾರ್ಡಲ್ಲಿ ಯಾವ ಕಾಲೇಜಿನ ಹೆಸರು ಬರುತ್ತೆ. ನಮ್ ಪರಿಚಯದೋರ ಹುಡುಗನಿಗೆ ಅಡ್ಮಿಶನ್ ಒಂದ್ ಕಡೆ, ಪಾಠ ಇನ್ನೊಂದ್ ಕಡೆ, ಪ್ರಾಕ್ಟಿಕಲ್ ಎಕ್ಸಾಮಿಗೆ ಹೋದಾಗಲೇ ಅವ್ನು ಆ ಕಾಲೇಜಿನ ಲ್ಯಾಬ್ ನೋಡಿದ್ದು. ಇನ್ನು ಇಂಜಿನಿಯರಿಂಗ್ ರ‍್ಯಾಂಕಿಗೆ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಅರ್ಧ, ಪಿಯು ಬೋರ್ಡಿನ ಪಿಸಿಎಂ ಮಾರ್ಕ್ಸ್ ಅರ್ಧ ಅನ್ನೋದು ನೆನಪಿರ್ಲಿ, ಕೋಚಿಂಗ್ ಅಂತ ಬೋರ್ಡ್ ಪಾಠ ಹಾರಿಸೋ ಕಾಲೇಜಿಂದ ನಷ್ಟವೇ.

ಫೀಸ್ ಕಂತು ಕೇಳೋಕೆ ನಾಚ್ಕೋಬೇಡಿ. ಅಡಿಕೆ ಮಂಡಿಗೆ ಹಾಕಿ ದುಡ್ಡು ಕೈಗೆ ಬರೋ ತನಕ ಕಾಯೋರು ನಾವು, ಜೂನಲ್ಲಿ ಒಂದೇ ಸಲ ಕಟ್ಟಿ ಅಂದ್ರೆ ಎಲ್ಲಿಂದ ತರೋದು, ಕೇಳಿದ್ರೆ ಎಷ್ಟೋ ಕಡೆ ಮೂರ್ ಕಂತು ಮಾಡ್ಕೊಡ್ತಾರೆ. ದೂರದ ಮಕ್ಕಳಿಗೆ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ ಇದೆ. ಅರ್ಜಿ ಆನ್‌ಲೈನಲ್ಲೇ ಕರೀತಾರೆ, ಅಡ್ಮಿಶನ್ ಆದ ವಾರದಲ್ಲೇ ವಿಚಾರಿಸಿ, ತಡ ಮಾಡಿದ್ರೆ ಸೀಟ್ ಸಿಗಲ್ಲ.

ಎಸ್ಸೆಸ್ಸೆಲ್ಸಿ ಫಸ್ಟ್ ಎಕ್ಸಾಮಲ್ಲಿ ಒಂದೆರಡು ಸಬ್ಜೆಕ್ಟ್ ಹೋದ ಮಕ್ಕಳನ್ನ ಬೈದು ಮನೇಲಿ ಕೂರಿಸ್ಬೇಡಿ, ಎಕ್ಸಾಮ್-2 ಬರೆಸಿ, ಪಾಸಾದ ಕೂಡ್ಲೇ ಹತ್ರದ ಸರ್ಕಾರಿ ಕಾಲೇಜಲ್ಲಿ ವಿಚಾರಿಸಿ.

ಕಾಗದ ಪತ್ರ: ಮಾರ್ಕ್ಸ್ ಕಾರ್ಡು, ಟಿಸಿ, ಆಧಾರು, ಜಾತಿ ಆದಾಯ ಸರ್ಟಿಫಿಕೇಟು, ಫೋಟೋ. ಒರಿಜಿನಲ್ ಕೊಡೋ ಮುಂಚೆ ನಾಲ್ಕೈದು ಜೆರಾಕ್ಸ್ ಇಟ್ಕೊಳ್ಳಿ. ಆದಾಯ ಸರ್ಟಿಫಿಕೇಟ್ ಅವಧಿ ಮುಗಿದಿದ್ರೆ ನಾಡಕಚೇರಿಗೆ ಈಗಲೇ ಹೋಗಿ, ಸರ್ಕಾರದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ಪಿಗೆ ಅದರ ಆರ್‌ಡಿ ನಂಬರ್ (ಸರ್ಟಿಫಿಕೇಟ್ ಮೇಲೇ ಇರುತ್ತೆ) ಬೇಕು. ಆಧಾರಲ್ಲಿರೋ ಹೆಸರೂ ಮಾರ್ಕ್ಸ್ ಕಾರ್ಡಲ್ಲಿರೋ ಹೆಸರೂ ಒಂದೇ ಇದೆಯಾ ನೋಡಿ. ನನ್ ಮಗಳಿಗೆ ಇನಿಶಿಯಲ್ ಹಿಂದೆ ಮುಂದೆ ಆಗಿ ಮೂರು ಸಲ ಓಡಾಡಿದ್ವಿ. ಮಗೂ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ದಿದ್ರೆ ಅದನ್ನೂ ಈ ವಾರವೇ ಮಾಡ್ಸಿ ಆಧಾರ್ ಲಿಂಕ್ ಮಾಡ್ಸಿಬಿಡಿ, ಮಳೆ ಶುರುವಾದ್ರೆ ನಮ್ ಕಡೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ.