ಕಡಿಮೆ ದುಡ್ಡಿನ ರೋಡ್ ಬೈಕನ್ನ ಮೈಗೆ ಹೊಂದಿಸ್ಕೊಳ್ಳೋದು: ಮೊದಲು ಸೀಟು, ಆಮೇಲೆ ಹ್ಯಾಂಡಲ್

ಮೊದಲನೇ ರೋಡ್ ಬೈಕ್, ಅಂದ್ರೆ ಬಾಗಿದ ಹ್ಯಾಂಡಲ್ ಇರೋ ರೇಸ್ ಥರದ ಸೈಕಲ್, ತಗೊಂಡೋರೆಲ್ಲ ಸ್ವಲ್ಪ ದಿನ ಓಡಿಸಿದ ಮೇಲೆ ಹೇಳೋ ದೂರು ಹೆಚ್ಚುಕಮ್ಮಿ ಒಂದೇ. ಕೈ ಜೋಮು ಹಿಡಿಯತ್ತೆ, ಕತ್ತು ನೋಯತ್ತೆ, ಹ್ಯಾಂಡಲ್ ತುಂಬಾ ದೂರ ಅನ್ಸತ್ತೆ, ಸ್ಟೆಮ್ (ಹ್ಯಾಂಡಲನ್ನ ಸೈಕಲಿಗೆ ಹಿಡಿದಿಡೋ ಮುಂದಿನ ತುಂಡು) ಬದಲಾಯಿಸ್ಲಾ ಸೀಟ್ ಬದಲಾಯಿಸ್ಲಾ? ಸದ್ಯಕ್ಕೆ ಏನೂ ತಗೋಬೇಡಿ. ಸೈಕಲನ್ನ ಮೈ ಅಳತೆಗೆ ಫಿಟ್ ಮಾಡೋರ ಹತ್ರ ಹೋದ್ರೆ ಸಾವಿರಗಟ್ಟಲೆ ಆಗತ್ತೆ, ಸೈಕಲ್ ಬೆಲೆನೇ ಇಪ್ಪತ್ತೈದು ಮೂವತ್ತು ಸಾವಿರ ಇರುವಾಗ ಅದಕ್ಕೆ ಮನಸ್ಸು ಬರಲ್ಲ, ನ್ಯಾಯವೇ. ಬಹುಪಾಲು ಕೆಲಸ 4, 5, 6 ಎಂ.ಎಂ. ಅಲೆನ್ ಕೀ, ಟೈಲರ್ ಟೇಪು, ಒಂದು ದಾರ, ಫೋನಲ್ಲಿರೋ ಲೆವೆಲ್ ಆ್ಯಪ್, ಇಷ್ಟರಲ್ಲಿ ಮುಗಿಯತ್ತೆ. ಆದ್ರೆ ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಮುಖ್ಯ. ಸೀಟನ್ನ ಪೆಡಲ್ ಲೆಕ್ಕದಲ್ಲಿ ಕೂರಿಸ್ಬೇಕು, ಅದು ಕೂತ ಮೇಲೆ ಹ್ಯಾಂಡಲನ್ನ ಸೀಟಿನ ಲೆಕ್ಕದಲ್ಲಿ ತರಬೇಕು. ಹ್ಯಾಂಡಲ್ ದೂರ ಆಯ್ತು ಅಂತ ಸೀಟನ್ನ ಮುಂದಕ್ಕೆ ತಳ್ಳೋದಿದೆಯಲ್ಲ, ನಾನು ನೋಡಿರೋ ಫಿಟ್ ತೊಂದರೆಗಳಲ್ಲಿ ಅರ್ಧಕ್ಕರ್ಧ ಅಲ್ಲಿಂದಲೇ ಶುರು.

ಏನೇ ಮುಟ್ಟೋಕೆ ಮುಂಚೆ ಈಗ ಇರೋ ಅಳತೆ ಬರ್ಕೊಳ್ಳಿ. ಸೀಟ್ ಕಂಬಕ್ಕೆ ಇನ್ಸುಲೇಶನ್ ಟೇಪ್ ಒಂದು ಸುತ್ತು ಸುತ್ತಿ, ಸೀಟ್ ಕೆಳಗಿನ ಕಂಬಿಗಳನ್ನ ಕ್ಲಾಂಪ್ ಎಲ್ಲಿ ಹಿಡಿದಿದೆ ಅಂತ ಒಂದು ಫೋಟೋ ತೆಗೀರಿ. ಕೆಟ್ಟೋದ್ರೆ ವಾಪಸ್ ಬರೋಕೆ ದಾರಿ ಇರ್ಬೇಕು ತಾನೇ.

ಮೊದಲು ಎತ್ತರ. ನಾವೆಲ್ಲ ಅಪ್ಪನ ಹೀರೋನೋ ಅಟ್ಲಾಸೋ ಸೈಕಲಲ್ಲಿ ಒಳಪೆಡ್ಲು ಹೊಡ್ಕೊಂಡು ಕಲಿತೋರು, ಸೀಟ್ ಮೇಲೆ ಕೂತಾಗ ಕಾಲು ನೆಲಕ್ಕೆ ಸಿಗ್ಬೇಕು ಅನ್ನೋದು ತಲೇಲಿ ಕೂತ್ಬಿಟ್ಟಿದೆ. ರೋಡ್ ಬೈಕಲ್ಲಿ ಕೂತಲ್ಲಿಂದ ಪಾದ ಪೂರ್ತಿ ನೆಲಕ್ಕೆ ಊರತ್ತೆ ಅಂದ್ರೆ ಸೀಟು ತುಂಬಾ ಕೆಳಗಿದೆ ಅಂತಲೇ ಅರ್ಥ. ನಿಲ್ಲಿಸುವಾಗ ಸೀಟಿಂದ ಮುಂದಕ್ಕೆ ಇಳಿದು ಫ್ರೇಮಿನ ಮೇಲಿನ ಅಡ್ಡ ಕಂಬದ ಎರಡೂ ಕಡೆ ಕಾಲಿಟ್ಟು ನಿಲ್ಲೋದು ಅಭ್ಯಾಸ ಮಾಡ್ಕೊಳ್ಳಿ, ಸಿಗ್ನಲ್ಲಲ್ಲಿ ಸ್ವಲ್ಪ ದಿನ ಕಷ್ಟ ಆಗತ್ತೆ, ಆಮೇಲೆ ಯೋಚನೆ ಮಾಡದೇನೇ ಬರತ್ತೆ.

ಅಳತೆ ತೆಗೆಯೋದು ಹೀಗೆ: ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ, ದಪ್ಪ ರಟ್ಟಿನ ಪುಸ್ತಕವನ್ನ ಕಾಲುಗಳ ಮಧ್ಯೆ ಇಟ್ಟು ಸೀಟ್ ಮೇಲೆ ಕೂತಷ್ಟೇ ಗಟ್ಟಿಯಾಗಿ ಮೇಲಕ್ಕೆ ಒತ್ತಿ, ಪುಸ್ತಕದ ಒಂದು ಅಂಚು ಗೋಡೆಗೆ ತಾಗಿರ್ಲಿ, ಮೇಲಿನ ಅಂಚಿಂದ ನೆಲದವರೆಗೆ ಮನೇಲಿ ಯಾರಿಗಾದ್ರೂ ಅಳೆಯೋಕೆ ಹೇಳಿ. ಪ್ಯಾಂಟಿನ ಇನ್‌ಸೀಮ್ ಇಲ್ಲಿ ನಡೆಯಲ್ಲ, ಅದು ಕೆಲವು ಸೆಂಟಿಮೀಟರ್ ಕಮ್ಮಿ ಇರತ್ತೆ. ಬಂದ ಅಳತೆಯನ್ನ 0.883ರಿಂದ ಗುಣಿಸಿ. ಇದು 1986, 1989, 1990ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಲ್ಲಿ ಓಡಾಡೋ ಲೆಕ್ಕ. 80 ಸೆಂ.ಮೀ. ಬಂದ್ರೆ 70.6 ಆಗತ್ತೆ. ಕ್ರ್ಯಾಂಕ್ (ಪೆಡಲ್ ಕೂತಿರೋ ತೋಳು) ತಿರುಗೋ ನಡುಬಿಂದುವಿಂದ ಸೀಟ್ ಕಂಬದ ಜಾಡಲ್ಲೇ ಸೀಟಿನ ಮೇಲ್ಭಾಗದವರೆಗೆ ಅಷ್ಟು ಇರ್ಬೇಕು. ಇದು ಬರೀ ಶುರು ಮಾಡೋಕೆ ಒಂದು ಜಾಗ, ಶೂ ದಪ್ಪ, ಕ್ರ್ಯಾಂಕ್ ಉದ್ದ, ತೊಡೆ ಹಿಂಭಾಗದ ಬಿಗಿತ ಎಲ್ಲ ಸೇರಿ ಒಂದು ಸೆಂ.ಮೀ. ಆಚೆ ಈಚೆ ಆಗತ್ತೆ.

ಲೆಕ್ಕ ಸರಿ ಬಂದಿದ್ಯಾ ಅಂತ ನೋಡೋಕೆ ಬಾಗಿಲ ಚೌಕಟ್ಟು ಹಿಡ್ಕೊಂಡು ಸೈಕಲ್ ಮೇಲೆ ಕೂತು ಹಿಮ್ಮಡಿಯನ್ನ ಪೆಡಲ್ ಮೇಲಿಟ್ಟು ಹಿಂದಕ್ಕೆ ತುಳೀರಿ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಕಾಲು ನೇರ ಆಗ್ಬೇಕು, ಆದ್ರೆ ಸೊಂಟ ಆ ಕಡೆಗೆ ವಾಲ್ಬಾರ್ದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದ್ರೆ ಮಂಡಿ ತಾನಾಗೇ ಬೇಕಾದಷ್ಟು ಮಡಚಿರತ್ತೆ, ಪೆಡಲ್ ಕೆಳಗಿದ್ದಾಗ 25ರಿಂದ 35 ಡಿಗ್ರಿ ಅಂತಾರೆ. ಯಾರಾದ್ರೂ ಹಿಂದಿನಿಂದ ವಿಡಿಯೋ ತೆಗೆದ್ರೆ ಇನ್ನೂ ಒಳ್ಳೇದು: ತುಳಿಯುವಾಗ ಸೊಂಟ ಎಡಕ್ಕೂ ಬಲಕ್ಕೂ ತೂಗಾಡ್ತಿದ್ರೆ ಸೀಟು ಜಾಸ್ತಿ ಎತ್ತರ. ಮಂಡಿ ಮುಂಭಾಗ ನೋವು ಬಂದ್ರೆ ಸಾಮಾನ್ಯವಾಗಿ ಸೀಟು ತಗ್ಗು ಅಥವಾ ಜಾಸ್ತಿ ಮುಂದೆ, ಮಂಡಿ ಹಿಂದೆ ನೋವು ಬಂದ್ರೆ ಎತ್ತರ ಅಥವಾ ಜಾಸ್ತಿ ಹಿಂದೆ. ಬದಲಾವಣೆ ಒಂದೊಂದು ಸಲಕ್ಕೆ 3ರಿಂದ 5 ಎಂ.ಎಂ. ಸಾಕು, ಒಂದೇ ಏಟಿಗೆ ಎರಡು ಸೆಂ.ಮೀ. ಎತ್ತಿ ಮಾರನೇ ದಿನ ನಂದಿ ಬೆಟ್ಟ ಹತ್ತೋಕೆ ಹೋಗ್ಬೇಡಿ. ಕಂಬದ ಮೇಲೆ ಮಿನಿಮಮ್ ಅಂತ ಗೆರೆ ಇರತ್ತೆ, ಅದು ಫ್ರೇಮಿಂದ ಆಚೆ ಕಾಣಿಸ್ಲೇಬಾರ್ದು, ಕಾಣಿಸೋಷ್ಟು ಎತ್ತಬೇಕಾದ್ರೆ ಉದ್ದ ಕಂಬ ಬೇಕು ಅಥವಾ ಫ್ರೇಮೇ ನಿಮಗೆ ಚಿಕ್ಕದು. ಹೇಗೂ ಬಿಚ್ಚಿದ್ದೀರಲ್ಲ, ಅಲ್ಯೂಮಿನಿಯಂ ಇಲ್ಲಾ ಸ್ಟೀಲ್ ಕಂಬ ಆದ್ರೆ ಹಳೇ ಗಲೀಜು ಒರೆಸಿ ತೆಳುವಾಗಿ ಗ್ರೀಸ್ ಹಚ್ಚಿ ವಾಪಸ್ ಹಾಕಿ, ಬೆವರು ಮಳೆನೀರು ಇಳಿದು ಕಂಬ ಫ್ರೇಮಿಗೇ ಕಚ್ಕೊಂಡುಬಿಟ್ರೆ ಆಮೇಲೆ ಅದನ್ನ ಕೀಳೋದು ದೊಡ್ಡ ರಾಮಾಯಣ.

ಎತ್ತರ ಆದ ಮೇಲೆ ಹಿಂದೆ ಮುಂದೆ. ಕ್ರ್ಯಾಂಕನ್ನ ನೆಲಕ್ಕೆ ಸಮವಾಗಿ ಮಾಡಿ, ಮುಂದಿರೋ ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗೋ ಉಬ್ಬು ಮೂಳೆಯಿಂದ ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಡಿ. ದಾರ ಪೆಡಲ್ ಆ್ಯಕ್ಸಲ್ ಮೇಲೆ ಬಂದ್ರೆ ಅಲ್ಲಿಂದ ಶುರು ಮಾಡಬಹುದು. ಇದರ ಹಿಂದೆ ದೊಡ್ಡ ವಿಜ್ಞಾನ ಏನಿಲ್ಲ, ಸುಮಾರು ಜನಕ್ಕೆ ಹೊಂದೋ ಒಂದು ಜಾಗ ಅಷ್ಟೇ, ಎಷ್ಟೋ ಜನ ಇದಕ್ಕಿಂತ ಒಂದೆರಡು ಸೆಂ.ಮೀ. ಹಿಂದೆ ಕೂತು ಆರಾಮಾಗಿ ಓಡಿಸ್ತಾರೆ. ನಾನು ಇದಕ್ಕಿಂತ ಜಾಸ್ತಿ ನಂಬೋ ಪರೀಕ್ಷೆ ಬೇರೆ ಇದೆ. ಖಾಲಿ ರಸ್ತೇಲಿ, ಅಭ್ಯಾಸ ಇಲ್ದಿದ್ರೆ ಗೋಡೆ ಪಕ್ಕ ಯಾರಾದ್ರೂ ಸೈಕಲ್ ಹಿಡ್ಕೊಂಡಿರುವಾಗ, ಬ್ರೇಕ್ ಹುಡ್ (ಬ್ರೇಕ್ ಲಿವರ್ ಮೇಲಿನ ರಬ್ಬರ್ ಹಿಡಿ) ಮೇಲೆ ಕೈಯಿಟ್ಟು ಬಗ್ಗಿರೋ ಭಂಗಿಯಲ್ಲೇ ಕೈಗಳನ್ನ ಒಂದು ಇಂಚು ಮೇಲಕ್ಕೆ ಎತ್ತಿ ನೋಡಿ. ಮೈ ಧೊಪ್ ಅಂತ ಮುಂದಕ್ಕೆ ಬೀಳೋಕೆ ಹೋದ್ರೆ ಸೀಟು ಜಾಸ್ತಿ ಮುಂದಿದೆ, ನಿಮ್ಮ ಭಾರ ಕೈ ಮೇಲಿದೆ. ಐದು ಎಂ.ಎಂ. ಹಿಂದಕ್ಕೆ ತಳ್ಳಿ ಮತ್ತೆ ನೋಡಿ.

ಈಗ ಗೊತ್ತಾಯ್ತಲ್ಲ ಸೀಟನ್ನ ಮುಂದಕ್ಕೆ ತಳ್ಳಿದ್ರೆ ಕೈ ನೋವು ಯಾಕೆ ಜಾಸ್ತಿ ಆಗತ್ತೆ ಅಂತ. ಹ್ಯಾಂಡಲ್ ಹತ್ರ ಬಂದ ಹಾಗೆ ಅನ್ಸತ್ತೆ, ಅಂಗಡೀಲಿ ಕೂತು ನೋಡಿದಾಗ ಆರಾಮು ಅಂತಲೂ ಅನ್ಸತ್ತೆ, ಒಂದು ಗಂಟೆ ಓಡಿಸಿದ ಮೇಲೆ ಕಿರುಬೆರಳು ಉಂಗುರದ ಬೆರಳು ಜುಮುಜುಮು. ಇನ್ನೊಂದು ವಿಷಯ, ಸೀಟ್ ಕೊಳವೆ ಓರೆಯಾಗಿರೋದ್ರಿಂದ ಸೀಟನ್ನ ಒಂದು ಸೆಂ.ಮೀ. ಹಿಂದಕ್ಕೆ ತಳ್ಳಿದ್ರೆ ಪೆಡಲಿಂದ ದೂರ ಸುಮಾರು 3 ಎಂ.ಎಂ. ಜಾಸ್ತಿ ಆಗತ್ತೆ, ಹಾಗಾಗಿ ಎತ್ತರ ಅಷ್ಟು ಇಳಿಸ್ಬೇಕು.

ಸೀಟಿನ ಓರೆಗೆ ಜಾಸ್ತಿ ಹೊತ್ತು ಬೇಡ. ಸೀಟ್ ಮೇಲೆ ಒಂದು ರಟ್ಟು ಇಟ್ಟು ಅದರ ಮೇಲೆ ಫೋನ್ ಇಟ್ಟು ಲೆವೆಲ್ ನೋಡಿ, ಸೊನ್ನೆಯಿಂದ ಶುರು ಮಾಡಿ, ಮೂತಿ ಕೆಳಗೆ ಮಾಡೋದಾದ್ರೆ ಎರಡು ಮೂರು ಡಿಗ್ರಿ ಒಳಗೇ ಇರ್ಲಿ. ಅದಕ್ಕಿಂತ ಜಾಸ್ತಿ ಬಗ್ಗಿಸಿದ್ರೆ ಜಾರುಬಂಡೆ, ಜಾರದಂಗೆ ತಡೆಯೋದು ಮತ್ತೆ ಕೈಗಳೇ. ಕೂತ ಜಾಗದಲ್ಲಿ, ತೊಡೆಸಂದಲ್ಲಿ ಮರಗಟ್ಟೋ ತೊಂದರೆ ಇದ್ರೆ ಮೊದಲು ಮೂತಿ ಮೇಲಕ್ಕೆ ಎದ್ದಿದ್ಯಾ, ಸೀಟು ಜಾಸ್ತಿ ಎತ್ತರ ಇದ್ಯಾ ನೋಡಿ. ಆ ದಪ್ಪ ಜೆಲ್ ಕವರ್ ಹಾಕೋದು ನನಗಂತೂ ಇಷ್ಟ ಇಲ್ಲ, ಕೂತಾಗ ಮೂಳೆ ಕೆಳಗೆ ಹೂತು ಮಧ್ಯದ ಮೆತ್ತೆ ಮೇಲೆದ್ದು ಒತ್ತಬಾರದ ಜಾಗದಲ್ಲೇ ಒತ್ತತ್ತೆ. ಆ ದುಡ್ಡಿಗೆ ಪ್ಯಾಡ್ ಇರೋ ಶಾರ್ಟ್ಸ್ ಕಡೆ ನೋಡಿ, ಒಳಗೆ ಇನ್ನೊಂದು ಚಡ್ಡಿ ಹಾಕ್ದೆ ಅದೊಂದನ್ನೇ ಹಾಕ್ಬೇಕು. ಹಾಗೂ ಸೀಟೇ ಬದಲಾಯಿಸ್ಬೇಕು ಅಂದ್ರೆ ಗಟ್ಟಿ ಮೆಟ್ಟಿಲ ಮೇಲೆ ಪ್ಯಾಕಿಂಗ್ ರಟ್ಟು ಹಾಕಿ ಮುಂದಕ್ಕೆ ಬಗ್ಗಿ ಕೂತು ಎದ್ದು, ಮೂಳೆ ಒತ್ತಿದ ಎರಡು ಗುಳಿಗಳ ನಡುವಿನ ದೂರ ಅಳೆದು ಅದಕ್ಕೆ ಸುಮಾರು ಎರಡು ಸೆಂ.ಮೀ. ಸೇರಿಸಿ ಆ ಅಗಲದ್ದು ಹುಡುಕಿ.

ಇಷ್ಟಾದ ಮೇಲೆ ಕನಿಷ್ಠ ಒಂದೆರಡು ವಾರ ಓಡಿಸಿ, ಆಮೇಲೆ ಹ್ಯಾಂಡಲ್. ಇಲ್ಲೂ ಮೊದಲು ಪುಕ್ಕಟೆ ಕೆಲಸ. ಹ್ಯಾಂಡಲ್ ಕಂಬಿ ಸ್ವಲ್ಪ ಕೆಳಕ್ಕೆ ತಿರುಗಿ ಹುಡ್‌ಗಳು ಜೋತುಬಿದ್ದಿರೋ ಸೈಕಲ್ ಎಷ್ಟೋ ಇವೆ. ಸ್ಟೆಮ್ ಮುಂದಿನ ಬೋಲ್ಟ್‌ಗಳನ್ನ ಸಡಿಲ ಮಾಡಿ ಕಂಬಿಯನ್ನ ಮೇಲಕ್ಕೆ ತಿರುಗಿಸಿ, ಕಂಬಿಯಿಂದ ಹುಡ್‌ಗೆ ಹೋಗೋ ಜಾಗ ಸಪಾಟಾಗಿ, ಮಣಿಕಟ್ಟು ಮುರಿಯದೆ ಮುಂಗೈ ನೇರದಲ್ಲಿ ಇರೋ ಹಾಗೆ ಮಾಡಿ. ಬೆರಳು ಚಿಕ್ಕದಿದ್ದು ಬ್ರೇಕ್ ಲಿವರ್ ಎಟುಕ್ತಿಲ್ಲ ಅಂದ್ರೆ ಈಗಿನ ಸುಮಾರು ಲಿವರ್‌ಗಳಲ್ಲಿ ಅದನ್ನ ಹತ್ರ ತರೋ ಒಂದು ಪುಟ್ಟ ಸ್ಕ್ರೂ ಇರತ್ತೆ, ತಿರುಗಿಸಿದ ಮೇಲೆ ಬ್ರೇಕ್ ಸರಿಯಾಗಿ ಹಿಡಿಯತ್ತಾ ನೋಡದೆ ಹೊರಡ್ಬೇಡಿ.

ಇನ್ನೂ ದೂರ, ತಗ್ಗು ಅನ್ಸಿದ್ರೆ ಸ್ಟೆಮ್. ಸ್ಟೆಮ್ ಕೆಳಗೆ ಸ್ಪೇಸರ್ ಬಳೆಗಳಿರತ್ತೆ, ಮೇಲೆ ಒಂದೆರಡು ಉಳಿದಿದ್ರೆ ಅವನ್ನ ಕೆಳಕ್ಕೆ ಹಾಕಿ. ಸ್ಟೆಮ್ ಕೆಳಮುಖವಾಗಿದ್ರೆ ಅದನ್ನೇ ಉಲ್ಟಾ ಹಾಕಬಹುದು, 100 ಎಂ.ಎಂ. ಉದ್ದದ 6 ಅಥವಾ 7 ಡಿಗ್ರಿ ಸ್ಟೆಮ್ ಉಲ್ಟಾ ಮಾಡಿದ್ರೆ ಹ್ಯಾಂಡಲ್ ಸುಮಾರು 2 ಸೆಂ.ಮೀ. ಮೇಲೆ ಬರತ್ತೆ, ಜೊತೆಗೆ ಅರ್ಧ ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಹತ್ರಾನೂ ಬರತ್ತೆ. ವಿಜಯಪುರ, ಬಾಗಲಕೋಟೆ ಕಡೆ ರೇಸ್ ಓಡಿಸೋ ಹುಡುಗರ ಥರ ಹ್ಯಾಂಡಲ್ ತಗ್ಗಿರ್ಬೇಕು, ಉಲ್ಟಾ ಹಾಕಿದ್ರೆ ನೋಡೋಕೆ ಚೆನ್ನಾಗಿರಲ್ಲ ಅನ್ನೋ ಮಾತೆಲ್ಲ ಕೇಳ್ಬೇಡಿ, ಅವರು ಚಿಕ್ಕಂದಿನಿಂದ ಬಗ್ಗಿ ಅಭ್ಯಾಸ ಇರೋರು, ನೀವು ದಿನಕ್ಕೆ ಎಂಟು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರೋರು.

ಸ್ಟೆಮ್ ಬಿಚ್ಚೋ ಕ್ರಮ ಗಮನ ಇಟ್ಟು ಓದಿ. ಮೊದಲು ಫೋರ್ಕ್ ಕೊಳವೆಯನ್ನ (ಮುಂದಿನ ಚಕ್ರದ ಕವಲಿಂದ ಮೇಲೆ ಸ್ಟೆಮ್ಮಿಗೆ ಬರೋ ಕೊಳವೆ) ಹಿಡಿದಿರೋ ಪಕ್ಕದ ಎರಡು ಬೋಲ್ಟ್ ಸಡಿಲ, ಆಮೇಲೆ ಮೇಲಿನ ಮುಚ್ಚಳದ ಬೋಲ್ಟ್ ತೆಗೆಯೋದು. ಚಕ್ರ ನೆಲದ ಮೇಲೇ ಇರ್ಲಿ, ಎತ್ತಿದ್ರೆ ಫೋರ್ಕ್ ಕೆಳಗೆ ಜಾರತ್ತೆ. ವಾಪಸ್ ಹಾಕುವಾಗ ಕೊಳವೆಯ ತುದಿ ಸ್ಟೆಮ್ಮಿನ ಇಲ್ಲಾ ಅದರ ಮೇಲಿನ ಸ್ಪೇಸರಿನ ಅಂಚಿಗಿಂತ 2-3 ಎಂ.ಎಂ. ಕೆಳಗಿರ್ಬೇಕು, ಅದಕ್ಕೇ ಸ್ಪೇಸರ್ ಯಾವುದನ್ನೂ ಬಿಸಾಡದೆ ಎಲ್ಲಾನೂ ಮೇಲೋ ಕೆಳಗೋ ಹಾಕಲೇಬೇಕು. ಮುಚ್ಚಳದ ಬೋಲ್ಟ್ ಇರೋದು ಬೇರಿಂಗ್ ಅಲುಗಾಡೋ ಸಡಿಲ ತೆಗೆಯೋಕೆ ಮಾತ್ರ, ಹಗುರಾಗಿ ಬಿಗಿ ಮಾಡಿ. ಹ್ಯಾಂಡಲನ್ನ ಚಕ್ರಕ್ಕೆ ನೇರ ಮಾಡಿ, ಆಮೇಲೆ ಪಕ್ಕದ ಎರಡು ಬೋಲ್ಟನ್ನ ಅದಿಷ್ಟು ಇದಿಷ್ಟು ಅಂತ ಸರದಿ ಮೇಲೆ ಬಿಗಿ ಮಾಡಿ. ಎಷ್ಟು ಬಿಗಿ ಅನ್ನೋದು ಸ್ಟೆಮ್ ಮೇಲೇ ಬರೆದಿರತ್ತೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಟಾರ್ಕ್ ರೆಂಚ್ (ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಸ್ಪ್ಯಾನರ್) ಇಲ್ದೋರು ಚಿಕ್ಕ ಅಲೆನ್ ಕೀಯಲ್ಲಿ ಬೆರಳ ಬಲದಿಂದ ಬಿಗಿ ಮಾಡಿ, ಅದಕ್ಕೆ ಪೈಪ್ ತೂರಿಸಿ ಮೈಭಾರ ಹಾಕೋ ಕೆಲಸ ಬೇಡ. ಫೋರ್ಕ್ ಕೊಳವೆ ಕಾರ್ಬನ್ ಆಗಿದ್ರೆ ಟಾರ್ಕ್ ರೆಂಚ್ ಇಲ್ದೆ ಮುಟ್ಲೇಬೇಡಿ, ಅಂಗಡಿಗೆ ಕೊಡಿ. ಕೊನೇಲಿ ಮುಂದಿನ ಬ್ರೇಕ್ ಹಿಡಿದು ಸೈಕಲನ್ನ ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂದ್ರೆ ಸಡಿಲ ಇದೆ, ಮುಂದಿನ ಚಕ್ರ ಎತ್ತಿದಾಗ ಹ್ಯಾಂಡಲ್ ಸಲೀಸಾಗಿ ತಿರುಗದೆ ಹಿಡ್ಕೊಂಡ್ರೆ ಜಾಸ್ತಿ ಬಿಗಿ.

ಇಷ್ಟಾದ್ರೂ ಕೈ ಪೂರ್ತಿ ಚಾಚ್ಕೊಂಡೇ ಓಡಿಸ್ಬೇಕು, ಮೊಣಕೈ ಸ್ವಲ್ಪಾನೂ ಮಡಚಲ್ಲ ಅಂದ್ರೆ ಆಗ ಗಿಡ್ಡ ಸ್ಟೆಮ್ ತಗೊಳ್ಳಿ, ಖರ್ಚು ಮಾಡ್ಬೇಕಾದ ಮೊದಲ ಜಾಗ ಇದು. 100 ಇದ್ದಿದ್ದನ್ನ 90 ಅಥವಾ 80 ಮಾಡಿ. ಸಾದಾ ಅಲ್ಯೂಮಿನಿಯಂದು ಸಾಕು, ಸೆಕೆಂಡ್ ಹ್ಯಾಂಡ್ ಆದ್ರೂ ನಡೆಯತ್ತೆ, ಆದ್ರೆ ಬಿರುಕು ಇಲ್ಲ ಅಂತ ನೋಡ್ಕೊಳ್ಳಿ, ಕಂಬಿ ಹಿಡಿಯೋ ಜಾಗದ ಅಳತೆ ನಿಮ್ಮದಕ್ಕೆ ಸರಿ ಇರ್ಬೇಕು, ಈಗಿನವು ಹೆಚ್ಚಾಗಿ 31.8 ಎಂ.ಎಂ. ನಿಮ್ಮ ಲೆಕ್ಕ 60ಕ್ಕೆ ಇಳೀತಿದೆ ಅಂದ್ರೆ ತೊಂದರೆ ಸ್ಟೆಮ್ಮಲ್ಲಿಲ್ಲ, ಫ್ರೇಮು ದೊಡ್ಡದಾಗಿದೆ, ಅಂಥಾ ಸೈಕಲ್ ಮಾರಿ ಒಂದು ಸೈಜ್ ಚಿಕ್ಕದು ತಗೊಳ್ಳೋದೇ ಅಗ್ಗ.

ಬೋಲ್ಟ್ ಮುಟ್ಟಿದ ಮೇಲೆ ಮೊದಲ ಸವಾರಿ ಮನೆ ಸುತ್ತಮುತ್ತಲೇ ಇರ್ಲಿ, ಅಲೆನ್ ಕೀ ಜೇಬಲ್ಲಿರ್ಲಿ, ಬಂದ ಮೇಲೆ ಎಲ್ಲಾ ಬೋಲ್ಟ್ ಇನ್ನೊಂದು ಸಲ ನೋಡಿ. ಕೊನೆಗೆ ನಿಂತ ಅಳತೆಗಳನ್ನ, ಅಂದ್ರೆ ಸೀಟ್ ಎತ್ತರ, ಸೀಟ್ ಮೂತಿಯಿಂದ ಹ್ಯಾಂಡಲ್ ನಡುವಿನವರೆಗಿನ ದೂರ, ಸ್ಟೆಮ್ ಉದ್ದ ಇವನ್ನ ಫೋನಲ್ಲಿ ಬರೆದಿಟ್ಕೊಳ್ಳಿ, ಊರಿಗೆ ಬಸ್ಸಲ್ಲಿ ಹಾಕ್ಕೊಂಡು ಹೋಗೋಕೆ ಕಂಬ ಬಿಚ್ಚಿದಾಗ ಬೇಕಾಗತ್ತೆ. ಮಂಡಿ ನೋವು ಮಾತ್ರ ಇದೆಲ್ಲ ಮಾಡಿ ಎರಡು ಮೂರು ವಾರ ಆದ್ರೂ ಹೋಗ್ಲಿಲ್ಲ ಅಂದ್ರೆ ಸೀಟನ್ನ ಮತ್ತೆ ಮತ್ತೆ ಅಲುಗಾಡಿಸೋದು ಬಿಟ್ಟು ಫಿಸಿಯೋ ಹತ್ರ ತೋರಿಸಿ.