ಮಳೆನೀರು ಚರಂಡಿ: ನಕ್ಷೆ ಒಣಗುವ ಮೊದಲೇ ಬೀದಿಯವರನ್ನು ಕೇಳಿ

ಮಳೆನೀರು ಚರಂಡಿಯ ಯೋಜನೆಯನ್ನು ಬಾಲದಿಂದ ಶುರು ಮಾಡಬೇಕು. ನೀರು ಕೊನೆಗೆ ಸೇರುವ ಕೆರೆ ಅಥವಾ ಹಳ್ಳ ತುಂಬಿದಾಗ ಯಾವ ಮಟ್ಟಕ್ಕೆ ಏರುತ್ತದೆ ಎಂದು ಮೊದಲು ಅಳೆಯಿರಿ. ಚರಂಡಿಯ ಹೊರಬಾಯಿ ಅದಕ್ಕಿಂತ ಕೆಳಗಿದ್ದರೆ ಜೋರು ಮಳೆಯಲ್ಲಿ ನೀರು ಹಿಂದಕ್ಕೆ ಒತ್ತುತ್ತದೆ. ಮೇಲೆ ಎಷ್ಟು ಅಗಲ ಕಟ್ಟಿದರೂ ತಗ್ಗಿನ ಬೀದಿ ಮುಳುಗುತ್ತದೆ. ಅಲ್ಲಿಂದ ಮೇಲಕ್ಕೆ ನಡೆಯುತ್ತ ಪ್ರತಿ ಮೋರಿಯ ತಳಮಟ್ಟ, ಅಗಲ, ಎತ್ತರ ಬರೆದುಕೊಳ್ಳಿ. ಅಡ್ಡ ಹಾಯ್ದ ಪೈಪು, ಕೇಬಲ್‌ಗಳನ್ನೂ ಬಿಡಬೇಡಿ, ಕಸ ಸಿಕ್ಕಿಕೊಳ್ಳುವುದು ಅಲ್ಲೇ.

ಸಣ್ಣ ಪ್ರದೇಶಕ್ಕೆ ಹರಿವಿನ ಲೆಕ್ಕ ಸುಲಭ. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದು ಬರುವ ಪಾಲು), ಗಂಟೆಗೆ ಇಷ್ಟು ಮಿ.ಮೀ. ಎಂಬ ಮಳೆಯ ತೀವ್ರತೆ, ಹೆಕ್ಟೇರ್ ವಿಸ್ತೀರ್ಣ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಘನ ಮೀಟರ್ ಸಿಗುತ್ತದೆ. ಗುಣಾಂಕ 0.6, ತೀವ್ರತೆ 60, ವಿಸ್ತೀರ್ಣ 12 ಇದ್ದರೆ 1.2 ಘನ ಮೀಟರ್. ಖಾಲಿ ನಿವೇಶನಗಳಲ್ಲೂ ಮನೆ ಎದ್ದು ಗುಣಾಂಕ 0.8 ಆದರೆ ಅದೇ ಮಳೆಗೆ 1.6. ಹಾಗಾಗಿ ಬಡಾವಣೆ ಪೂರ್ತಿ ತುಂಬಿದಾಗಿನ ಗುಣಾಂಕವನ್ನೇ ಹಿಡಿಯಿರಿ. ದಿನದ ಮಳೆಯನ್ನು 24ರಿಂದ ಭಾಗಿಸಿ ತೀವ್ರತೆ ಎನ್ನುವವರಿದ್ದಾರೆ. ಅದು ಶುದ್ಧ ತಪ್ಪು. ಮೇಲ್ತುದಿಯ ಹನಿ ಹೊರಬಾಯಿ ತಲುಪಲು 20 ನಿಮಿಷ ಬೇಕಿದ್ದರೆ, 20 ನಿಮಿಷದ ಬಿರುಮಳೆಯ ತೀವ್ರತೆ ಬೇಕು.

1 ಮೀಟರ್ ಅಗಲದ ಕಾಂಕ್ರೀಟ್ ಚರಂಡಿ, 300 ಮೀಟರಿಗೆ 1 ಮೀಟರ್ ವಾಟ, 0.8 ಮೀಟರ್ ಆಳದ ನೀರು: ಸೆಕೆಂಡಿಗೆ ಸುಮಾರು 1.4 ಘನ ಮೀಟರ್ ಸಾಗುತ್ತದೆ. ತಳದಲ್ಲಿ 20 ಸೆಂ.ಮೀ. ಹೂಳು ಕೂತರೆ ಸುಮಾರು 0.97ಕ್ಕೆ ಇಳಿಯುತ್ತದೆ, ಅಂದರೆ ಮೇಲಿನ 1.2ಕ್ಕೂ ಸಾಲದು. ಹೂಳೆತ್ತಲು ತೆಗೆಯಬಹುದಾದ ಮುಚ್ಚಳಗಳನ್ನು ನಕ್ಷೆಯಲ್ಲೇ ತೋರಿಸಿ; ಒಂದೇ ಸಮನೆ ಸ್ಲ್ಯಾಬ್ ಹಾಕಿ ಮುಚ್ಚಿದ ಚರಂಡಿಗೆ ಆಮೇಲೆ ಯಾರೂ ಇಳಿಯಲಾರರು.

ಇಷ್ಟಾದ ಮೇಲೆ, ಟೆಂಡರಿಗಿಂತ ಬಹಳ ಮುಂಚೆ, ಜನರ ಸಭೆ. ಮಳೆಗಾಲ ಮುಗಿದ ಕೂಡಲೇ, ಸಂಜೆ, ನೀರು ನಿಲ್ಲುವ ಜಾಗದ ಹತ್ತಿರವೇ ಕರೆಯಿರಿ. ಮನೆಮನೆ ಗುರುತಿಸಬಹುದಾದಷ್ಟು ದೊಡ್ಡ ನಕ್ಷೆ ಹಾಸಿ, ಪೆನ್ನನ್ನು ಅವರ ಕೈಗೇ ಕೊಡಿ. “ನಿಮ್ಮ ಸಮಸ್ಯೆ ಏನು?” ಎಂದರೆ ಬರೀ ದೂರು ಬರುತ್ತದೆ. ನೀರು ಯಾವ ಕಡೆಯಿಂದ ಬಂತು, ಯಾವ ಮೆಟ್ಟಿಲವರೆಗೆ ಏರಿತು, ಎಷ್ಟು ಹೊತ್ತು ನಿಂತಿತು ಎಂದು ಕೇಳಿ. ಮಳೆ ನಿಂತ ಮೇಲೂ ನೀರು ಏರಿತು ಎಂದರೆ ಮೊದಲು ಹೊರಬಾಯಿಯನ್ನೇ ಅನುಮಾನಿಸಿ. ಬೇಸಿಗೆಯಲ್ಲೂ ಚರಂಡಿ ನಾರುತ್ತದೆ ಎಂದರೆ ಎಲ್ಲೋ ಒಳಚರಂಡಿ ಸಂಪರ್ಕ ಸೇರಿಕೊಂಡಿರಬಹುದು. ಡಾಂಬರು ಪದರದ ಮೇಲೆ ಪದರ ಬಿದ್ದು ರಸ್ತೆಯೇ ಹೊಸ್ತಿಲಿಗಿಂತ ಮೇಲೆದ್ದಿರುವುದೂ ಇಲ್ಲೇ ಗೊತ್ತಾಗುತ್ತದೆ. ಹೇಳಿದ ಗುರುತುಗಳನ್ನು ಮಾರನೇ ದಿನ ಲೆವೆಲ್ ಉಪಕರಣದಿಂದ ಅಳೆದು ನಿಮ್ಮ ಲೆಕ್ಕದೊಂದಿಗೆ ಹೋಲಿಸಿ.

“5 ವರ್ಷಕ್ಕೊಮ್ಮೆಯ ಮಳೆಗೆ ಕಟ್ಟುತ್ತೇವೆ” ಎಂದಷ್ಟೇ ಹೇಳಿದರೆ ಜನ ಮುಂದಿನ 5 ವರ್ಷ ನಿಶ್ಚಿಂತೆ ಎಂದುಕೊಳ್ಳುತ್ತಾರೆ. ಪ್ರತಿ ವರ್ಷವೂ 20% ಸಾಧ್ಯತೆ, 5 ವರ್ಷದಲ್ಲಿ ಒಮ್ಮೆಯಾದರೂ ಚರಂಡಿ ಉಕ್ಕುವ ಸಾಧ್ಯತೆ ಸುಮಾರು 67% ಎಂದು ಬಿಡಿಸಿ ಹೇಳಿ. ಉಕ್ಕಿದ ನೀರು ಯಾವ ರಸ್ತೆಯಲ್ಲಿ ಹೋಗಬೇಕು ಎಂಬುದನ್ನೂ ಅಲ್ಲೇ ತೀರ್ಮಾನಿಸಿ.

ಬಂದ ಪ್ರತಿ ಸಲಹೆಯ ಎದುರು ಒಪ್ಪಿದೆವೋ ಇಲ್ಲವೋ, ಏಕೆ ಎಂದು ಬರೆದು, ತಿದ್ದಿದ ನಕ್ಷೆಯ ಪಕ್ಕದಲ್ಲೇ ಅದೇ ಜಾಗದಲ್ಲಿ ಅಂಟಿಸಿ.