ಇಂಗ್ಲಿಷಿನ ‘ಗ್ಲೀನ್’ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ನಿಘಂಟು ತೆಗೆದರೆ ಗ್ಲೀನ್ ಅಂದ್ರೆ ‘ಸಂಗ್ರಹಿಸು’ ಅಂತ ಇರುತ್ತದೆ. ಅಷ್ಟನ್ನೇ ನಂಬಿ ಪರೀಕ್ಷೆಯಲ್ಲಿ ಬರೆದರೆ ವಾಕ್ಯ ಕೆಡುತ್ತದೆ. ನಮ್ಮ ಕಾಸರಗೋಡಿನ ಕಡೆ ಇದಕ್ಕಿಂತ ಸರಿಯಾದ ಪದ ಇದೆಯಲ್ವಾ, ಹೆಕ್ಕುವುದು! ಅಡಿಕೆ ಕೊಯ್ದು ಗೊನೆಗಳೆಲ್ಲ ಅಂಗಳಕ್ಕೆ ಹೋದ ಮೇಲೆ, ಸೋಗೆಯ ಅಡಿಯಲ್ಲಿ, ಕಣಿಯ (ತೋಟದ ನೀರು ಹರಿಯುವ ಕಾಲುವೆಯ) ಬದಿಯಲ್ಲಿ ಉದುರಿದ್ದನ್ನು ಹುಡುಕಿ ಒಂದೊಂದೇ ಬುಟ್ಟಿಗೆ ಹಾಕುತ್ತೇವಲ್ಲ, ಗ್ಲೀನ್ ಅಂದ್ರೆ ಅದು.

ಪದ ಹುಟ್ಟಿದ್ದೂ ಹೊಲದಲ್ಲೇ. ಹಳೆ ಫ್ರೆಂಚಿನ ‘ಗ್ಲೆನೆರ್’ನಿಂದ ಇಂಗ್ಲಿಷಿಗೆ 14ನೇ ಶತಮಾನದ ಹೊತ್ತಿಗೆ ಬಂತು. ಫ್ರೆಂಚಿಗೆ ಲ್ಯಾಟಿನ್‌ನಿಂದ ಬಂದದ್ದು, ಅದರಾಚೆಗೆ ಸೆಲ್ಟಿಕ್ ಅನ್ನುವ ಯುರೋಪಿನ ಹಳೆ ಭಾಷೆಗಳ ಮೂಲ ಇರಬೇಕು ಅಂತ ಪಂಡಿತರು ಹೇಳುತ್ತಾರೆ. ಅರ್ಥ ಮಾತ್ರ ಸ್ಪಷ್ಟ: ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ತೆನೆ ಆಯುವುದು. ಕನ್ನಡದಲ್ಲಿ ಹಕ್ಕಲು ಆಯುವುದು ಅನ್ನುತ್ತೇವೆ.

ಈ ಹಕ್ಕಲಿನ ಹಿಂದೆ ಬಡವರ ಹೊಟ್ಟೆಪಾಡಿದೆ. ಹೊಲದ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆಯನ್ನು ಬಡವರಿಗೂ ಪರದೇಶದವರಿಗೂ ಬಿಡು ಅಂತ ಬೈಬಲಿನ ಹಳೆ ಒಡಂಬಡಿಕೆಯಲ್ಲೇ ಇದೆ. ರೂತ್ ಅನ್ನುವ ವಿಧವೆ ಬೋವಜನ ಹೊಲದಲ್ಲಿ ತೆನೆ ಆಯ್ದು ಅತ್ತೆಯನ್ನು ಸಾಕಿದ ಕತೆಯೂ ಅಲ್ಲಿದೆ. ಇಂಗ್ಲೆಂಡಿನಲ್ಲೂ ಊರೂರಲ್ಲಿ ಈ ರೂಢಿ ಇತ್ತು, ಆದರೆ 1788ರಲ್ಲಿ ಅಲ್ಲಿನ ಕೋರ್ಟು ಬೇರೆಯವರ ಹೊಲದಲ್ಲಿ ತೆನೆ ಆಯುವುದು ಕಾನೂನಿನ ಹಕ್ಕೇನಲ್ಲ ಅಂತ ತೀರ್ಪು ಕೊಟ್ಟಿತು. ಬಗ್ಗಿ ತೆನೆ ಆಯುತ್ತಿರುವ ಮೂವರು ಹೆಂಗಸರ ಚಿತ್ರವನ್ನು ಫ್ರಾನ್ಸಿನ ಮಿಲೆ 1857ರಲ್ಲಿ ಬರೆದ. ಹುಡುಕಿ ನೋಡಿ, ಪದ ಮತ್ತೆ ಮರೆಯುವುದಿಲ್ಲ.

ಈಗ ಬಳಕೆಗೆ ಬರೋಣ. ಇವತ್ತು ಗ್ಲೀನ್ ಜಾಸ್ತಿ ಬರುವುದು ಮಾಹಿತಿಯ ವಿಷಯದಲ್ಲಿ. ಬರೆಯುವ ಮೊದಲು ಕೇಳಿಕೊಳ್ಳಿ: ವಿಷಯ ಚದುರಿತ್ತಾ? ಚೂರು ಚೂರಾಗಿ ಸಿಕ್ಕಿತಾ? ಹುಡುಕುವ ಶ್ರಮ ಇತ್ತಾ? ಮೂರಕ್ಕೂ ಹೌದು ಅಂತಾದರೆ ಧೈರ್ಯವಾಗಿ ಹಾಕಿ. ನಿಮ್ಮ ತರವಾಡಿನ (ಕುಟುಂಬದ ಮೂಲ ಮನೆಯ) ಹಳೆ ಕತೆಯನ್ನು ಅಜ್ಜಿಯ ಮಾತಿನಿಂದ ಸ್ವಲ್ಪ, ತೀರ್ವೆ (ಭೂಕಂದಾಯ) ರಶೀದಿಯಿಂದ ಸ್ವಲ್ಪ, ಮಲಯಾಳ ಭಾಷೆಯಲ್ಲಿರುವ ಜಾಗದ ಆಧಾರ ಪತ್ರದಿಂದ ಸ್ವಲ್ಪ ಅಂತ ಕೂಡಿಸಿದರೆ ಅದು ಗ್ಲೀನ್. ಮಂಜೇಶ್ವರದ ಗೋವಿಂದ ಪೈಗಳು ಶಾಸನ, ಹಳೆ ಗ್ರಂಥಗಳನ್ನು ಜಾಲಾಡಿ ಇತಿಹಾಸದ ಸಂಗತಿ ಹೊರತೆಗೆದದ್ದಕ್ಕೂ ಈ ಪದ ಚೆನ್ನಾಗಿ ಒಪ್ಪುತ್ತದೆ. ಪಾಠಪುಸ್ತಕದ ಒಂದೇ ಪುಟದಲ್ಲಿ ಸಿದ್ಧವಾಗಿದ್ದ ಉತ್ತರ ನೋಡಿ ಬರೆದರೆ ಗ್ಲೀನ್ ಅಲ್ಲ, ಅಲ್ಲಿ ‘ಫೈಂಡ್’ ಸಾಕು.

ಏನನ್ನು ಹೆಕ್ಕಿದ್ದು ಅನ್ನುವುದು ಕ್ರಿಯಾಪದ ಆದ ಕೂಡಲೇ ಬರಲಿ, ಎಲ್ಲಿಂದ ಅನ್ನುವುದಕ್ಕೆ ‘ಫ್ರಮ್’ ಸೇರಿಸಿ: ‘ಶಿ ಗ್ಲೀನ್ಡ್ ದ ಡೀಟೇಲ್ಸ್ ಫ್ರಮ್ ಓಲ್ಡ್ ಲೆಟರ್ಸ್’. ಕರ್ಮಣಿಯಲ್ಲೂ ತುಂಬಾ ಬರುತ್ತದೆ, ‘ಗ್ಲೀನ್ಡ್ ಫ್ರಮ್’ ಅಂತ. ‘ಗ್ಲೀ’ ದೀರ್ಘ. ಕೊನೆಗೆ ‘ಮ್’ ಬಂದರೆ ಅದು ಹೊಳೆಯುವುದು ಅನ್ನುವ ಬೇರೆಯೇ ಪದ, ಜಾಗ್ರತೆ.

ಇನ್ನು ಗ್ಲೀನ್ ಬೇಡದ ಕಡೆಗಳು. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಹನಿ ಹನಿ ಇಳಿದ ನೀರು ಟ್ಯಾಂಕಿಯಲ್ಲಿ ತುಂಬಿದರೆ ಅದು ‘ಅಕ್ಯುಮುಲೇಟ್’. ಅದರೊಳಗೆ ರಾಶಿ ಅನ್ನುವ ಲ್ಯಾಟಿನ್ ಪದ ಕುಮುಲಸ್ ಇದೆ. ಅಲ್ಲಿ ಯಾರೂ ಹೆಕ್ಕುವುದಿಲ್ಲ, ತಾನಾಗಿ ಸೇರುತ್ತದೆ. ಸೊಸೈಟಿಯ ಠೇವಣಿಗೆ ಬಡ್ಡಿ ಬೆಳೆದರೆ ‘ಅಕ್ರೂ’. ದೇವಸ್ಥಾನದ ಎದುರು ಜನ ಸೇರಿದರೆ ‘ಗ್ಯಾದರ್’, ಅಲ್ಲಿ ಗ್ಲೀನ್ ಹಾಕಲೇಬೇಡಿ.